ವಿದೇಶದ ಲ್ಯಾಬಿನಲ್ಲಿ ಎರಡು ತಿಂಗಳು: ಕಲಿಸುವವರು ಯಾರೆಂದು ಮೊದಲು ಕೇಳಿ

ಪ್ರಶ್ನೆ: ನಾನು ಜೈವಿಕ ತಂತ್ರಜ್ಞಾನ ಪದವಿಯ ಎರಡನೇ ವರ್ಷ ಮುಗಿಸುತ್ತಿದ್ದೇನೆ. ಮುಂದಿನ ವರ್ಷದ ರಜೆಯಲ್ಲಿ ವಿದೇಶದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಜೀವವೈದ್ಯಕೀಯ ಸಂಶೋಧನೆಯ ತರಬೇತಿ ಪಡೆಯುವ ಆಸೆ ಇದೆ. ಕಾಲೇಜಿನ ಪ್ರಾಯೋಗಿಕ ತರಗತಿಗಳನ್ನು ಬಿಟ್ಟರೆ ಲ್ಯಾಬಿನ ಅನುಭವವಿಲ್ಲ, ಅಂಕಗಳು ಸಾಧಾರಣ. ಇನ್ನೂರು ಪ್ರಾಧ್ಯಾಪಕರಿಗೆ ಇಮೇಲ್ ಕಳುಹಿಸಿದರೆ ಒಬ್ಬರಾದರೂ ಒಪ್ಪುತ್ತಾರೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಹಣ ಕಟ್ಟಿದರೆ ಜಾಗ ಖಚಿತ, ಪ್ರಮಾಣಪತ್ರದ ಜೊತೆಗೆ ಸಂಶೋಧನಾ ಲೇಖನದಲ್ಲಿ ಹೆಸರೂ ಬರುತ್ತದೆ ಎಂದು ಒಂದು ಏಜೆನ್ಸಿ ಹೇಳುತ್ತಿದೆ. ನಾನು ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ದೊಡ್ಡ ವಿಶ್ವವಿದ್ಯಾಲಯವಿದೆ, ಪ್ರಮಾಣಪತ್ರವಿದೆ, ಲೇಖನದಲ್ಲಿ ಹೆಸರಿದೆ. ಏನನ್ನು ಕಲಿಯಬೇಕೆಂದು ಹೊರಟಿದ್ದೀರಿ ಎಂಬುದು ಮಾತ್ರ ಎಲ್ಲೂ ಕಾಣಿಸಲಿಲ್ಲ. ಇದನ್ನು ಆಕ್ಷೇಪವೆಂದು ತಿಳಿಯಬೇಡಿ. ನಾನು ಓದುವ ಅರ್ಜಿಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ, ಬದಿಗೆ ಸರಿಯುವುದೂ ಇದೇ ಕಾರಣಕ್ಕೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು ಹತ್ತು ವಾರಗಳ ತರಬೇತಿ ಸಾರ್ಥಕವಾಗುವುದೋ ವ್ಯರ್ಥವಾಗುವುದೋ ಎಂಬುದು ದೇಶದ ಮೇಲೂ ವಿಶ್ವವಿದ್ಯಾಲಯದ ಹೆಸರಿನ ಮೇಲೂ ಅಷ್ಟಾಗಿ ನಿಂತಿಲ್ಲ. ದಿನವೂ ನಿಮ್ಮ ಪಕ್ಕದಲ್ಲಿ ನಿಂತು ಪೈಪೆಟ್ ಹಿಡಿಯುವುದನ್ನು ತಿದ್ದುವ ಪಿಎಚ್.ಡಿ. ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಲ್ಯಾಬಿನಲ್ಲಿ ಸಂಶೋಧನೆ ಮುಂದುವರಿಸುವವರು) ಯಾರು ಎಂಬುದರ ಮೇಲೆ ನಿಂತಿದೆ. ಹೆಸರಾಂತ ಪ್ರಾಧ್ಯಾಪಕರು ಅನುದಾನದ ಅರ್ಜಿ, ಸಮ್ಮೇಳನ, ಸಮಿತಿ ಸಭೆಗಳ ನಡುವೆ ವಾರಕ್ಕೊಮ್ಮೆ ಕಣ್ಣಿಗೆ ಬಿದ್ದರೆ ಅದೇ ಪುಣ್ಯ. ಈ ಸತ್ಯವನ್ನು ಒಪ್ಪಿಕೊಂಡು ರೂಪಿಸಿದ ಯೋಜನೆಯೂ ಇದೆ. ಜರ್ಮನಿಯ ಡಾಡ್ ಸಂಸ್ಥೆಯ 'ರೈಸ್ ಜರ್ಮನಿ' ಬೇಸಿಗೆ ತರಬೇತಿಯಲ್ಲಿ ವಿದ್ಯಾರ್ಥಿಯ ಮಾರ್ಗದರ್ಶನಕ್ಕೆ ನಿಲ್ಲುವವರು ಪಿಎಚ್.ಡಿ. ಮಾಡುತ್ತಿರುವವರು. ತಮ್ಮ ಪ್ರಬಂಧದ ಒಂದು ತುಂಡನ್ನು ಅವರು ಬೇಸಿಗೆಯ ಕೆಲಸವಾಗಿ ಮುಂದಿಡುತ್ತಾರೆ, ವಿದ್ಯಾರ್ಥಿ ಅದನ್ನು ನೋಡಿ ಅರ್ಜಿ ಹಾಕುತ್ತಾನೆ. ಈ ಯೋಜನೆ ಉತ್ತರ ಅಮೆರಿಕ, ಬ್ರಿಟನ್, ಐರ್ಲೆಂಡ್‌ಗಳಲ್ಲಿ ಓದುವವರಿಗೆ ಮೀಸಲು, ನಿಮಗೆ ನೇರವಾಗಿ ಉಪಯೋಗವಾಗದೇ ಇರಬಹುದು. ಆದರೂ ಬೇರೆ ಯಾವ ಯೋಜನೆಯನ್ನು ಅಳೆಯುವಾಗಲೂ ಇದೇ ಅಳತೆಗೋಲು ಸಾಕು.

ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ವೈದ್ಯಕೀಯ ವಿದ್ಯಾರ್ಥಿಗಳು ವಿದೇಶದ ಆಸ್ಪತ್ರೆಗಳಿಗೆ ಹೋಗುವ 'ಎಲೆಕ್ಟಿವ್', ವೈದ್ಯರ ಹಿಂದೆ ನಿಂತು ನೋಡುವ 'ಅಬ್ಸರ್ವರ್‌ಶಿಪ್', ಲ್ಯಾಬಿನಲ್ಲಿ ಕೈಯಾರೆ ಕೆಲಸ ಮಾಡುವ ಸಂಶೋಧನಾ ತರಬೇತಿ, ಈ ಮೂರೂ ಬೇರೆ ಬೇರೆ. ಅರ್ಜಿ ಬೇರೆ, ವೀಸಾ ಬೇರೆ, ಕೈಗೆ ಸಿಗುವ ಅನುಭವವೂ ಬೇರೆ. ಉದಾಹರಣೆಗೆ, ಅಮೆರಿಕದ ಬೋಧನಾ ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಎಲೆಕ್ಟಿವ್‌ಗೆ ಬರುವ ವಿದೇಶಿ ವೈದ್ಯ ವಿದ್ಯಾರ್ಥಿಗೆ ಬಿ-1 ವೀಸಾ ಸಾಕಾಗಬಹುದು. ಲ್ಯಾಬಿನಲ್ಲಿ ಇಂಟರ್ನ್ ಆಗಿ ದುಡಿಯಲು ಬರುವವರು ಸಾಮಾನ್ಯವಾಗಿ ಹಿಡಿಯುವ ದಾರಿ ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ಜೆ-1 ವೀಸಾದ್ದು. ನೀವು ಕೇಳುತ್ತಿರುವುದು ಮೂರನೆಯ ಬಗೆಯದು, ಆದ್ದರಿಂದ ಉಳಿದೆರಡನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಯೋಜನೆಗಳ ಮಾತು. ಹೆಸರು ಕೇಳಿ ಅರ್ಜಿ ತುಂಬುವ ಮೊದಲು ಅರ್ಹತೆಯ ಸಾಲನ್ನು ಓದಿ. ಬಹುಪಾಲು ಜನ ಅದನ್ನು ಕೊನೆಗೆ ಓದಿ ಹಣೆ ಚಚ್ಚಿಕೊಳ್ಳುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, ನಡೆಸುವ ಬೇಸಿಗೆ ಇಂಟರ್ನ್‌ಶಿಪ್ ಅಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಲ್ಲಿ ನಡೆಯುವ ಆರ್‌ಇಯು ಯೋಜನೆಯ ಶಿಷ್ಯವೇತನಕ್ಕೂ ಇದೇ ಷರತ್ತು. ಆಮ್‌ಜೆನ್ ಸ್ಕಾಲರ್ಸ್ ಹೆಸರನ್ನು ನೀವು ಕೇಳಿರಬಹುದು. ಅದರ ಅಮೆರಿಕದ ಕೇಂದ್ರಗಳೂ ಪೌರತ್ವ ನೋಡುತ್ತವೆ. ಯುರೋಪಿನ ಕೇಂದ್ರಗಳು ಬೊಲೋನ್ಯಾ ಒಪ್ಪಂದಕ್ಕೆ ಸೇರಿದ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರನ್ನು ತೆಗೆದುಕೊಳ್ಳುತ್ತವೆ. ಎರಡರಿಂದ ಹನ್ನೆರಡು ತಿಂಗಳವರೆಗಿನ ಎರಾಸ್ಮಸ್ ಪ್ಲಸ್ ತರಬೇತಿಯೂ ಅಷ್ಟೇ, ನಿಮ್ಮ ವಿಶ್ವವಿದ್ಯಾಲಯ ಎರಾಸ್ಮಸ್‌ನ ಒಪ್ಪಂದದೊಳಗೆ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಇದನ್ನು ಕೇಳಬೇಕಾದದ್ದು ನಿಮ್ಮದೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಸಂಪರ್ಕ ಕಚೇರಿಯಲ್ಲಿ. ಆ ಕಚೇರಿಯ ಮೆಟ್ಟಿಲು ಹತ್ತದೆಯೇ ಪದವಿ ಮುಗಿಸುವವರು ಎಷ್ಟೋ ಮಂದಿ.

ಪೌರತ್ವಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳದ ಕಡೆಗಳೂ ಇವೆ. ಜಪಾನಿನ ಒಕಿನಾವಾದಲ್ಲಿರುವ ಓಯಿಸ್ಟ್ ವಿಶ್ವವಿದ್ಯಾಲಯ ಯಾವ ದೇಶದ ವಿದ್ಯಾರ್ಥಿಯನ್ನಾದರೂ ಎರಡರಿಂದ ಆರು ತಿಂಗಳ ಸಂಶೋಧನಾ ಇಂಟರ್ನ್ ಆಗಿ ಪರಿಗಣಿಸುತ್ತದೆ, ಪ್ರಯಾಣ ಮತ್ತು ವಸತಿಗೆ ನೆರವಾಗುತ್ತದೆ, ಭತ್ಯೆಯನ್ನೂ ಕೊಡುತ್ತದೆ. ಸೌದಿ ಅರೇಬಿಯಾದ ಕೌಸ್ಟ್ ವಿಶ್ವವಿದ್ಯಾಲಯದ ಅತಿಥಿ ವಿದ್ಯಾರ್ಥಿ ಯೋಜನೆಯೂ ಇದೇ ಸ್ವಭಾವದ್ದು, ಆದರೆ ಅಂಕಗಳ ವಿಷಯದಲ್ಲಿ ಕಟ್ಟುನಿಟ್ಟು. ವಿಯೆನ್ನಾ ಬಯೋಸೆಂಟರ್‌ನ ಬೇಸಿಗೆ ಶಾಲೆಗೆ ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ಬರುತ್ತದೆ, ಪೈಪೋಟಿ ಜೋರು. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಹನ್ನೆರಡು ವಾರಗಳದು. ಅದು ಅರ್ಹ ದೇಶಗಳ ಪಟ್ಟಿಯನ್ನು ತಾನೇ ಪ್ರಕಟಿಸುತ್ತದೆ, ಮತ್ತು ಬೇಸಿಗೆಯ ತರಬೇತಿಗೆ ಹಿಂದಿನ ವರ್ಷದಲ್ಲೇ ಅರ್ಜಿ ಹಾಕಿರಬೇಕು. ಕೊನೆಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ, ಆದರೂ ಬೇಸಿಗೆಯ ತರಬೇತಿಗಳ ಅರ್ಜಿ ಕಾಲ ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿದುಹೋಗುತ್ತದೆ. ಏಪ್ರಿಲ್‌ನಲ್ಲಿ ಎಚ್ಚರವಾಗುವವರಿಗೆ ಉಳಿಯುವುದು ನೇರವಾಗಿ ಲ್ಯಾಬಿಗೆ ಬರೆಯುವ ದಾರಿ ಒಂದೇ.

ಆ ದಾರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಹಿರಿಯರ ಇನ್ನೂರು ಇಮೇಲ್‌ಗಳ ಸಲಹೆ ಕೆಡುವುದು ಅಲ್ಲಿಯೇ. ಇನ್ನೂರು ಜನರಿಗೆ ಬರೆದ ಪತ್ರ ಇನ್ನೂರು ಜನರಿಗೆ ಬರೆದದ್ದೆಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. 'ಮಾನ್ಯರೇ, ತಮ್ಮ ಮಹತ್ವದ ಸಂಶೋಧನೆಯಿಂದ ನಾನು ತುಂಬಾ ಪ್ರಭಾವಿತನಾಗಿದ್ದೇನೆ' ಎಂಬ ಸಾಲನ್ನು ಕ್ಯಾನ್ಸರ್ ಸಂಶೋಧಕರಿಗೂ ಕಳುಹಿಸಬಹುದು, ಕಪ್ಪೆಯ ಭ್ರೂಣ ನೋಡುವವರಿಗೂ ಕಳುಹಿಸಬಹುದು. ಪ್ರಾಧ್ಯಾಪಕರ ಬೆರಳು ಅಳಿಸುವ ಗುಂಡಿಯ ಮೇಲೆ ಇರುತ್ತದೆ.

ಬದಲಿಗೆ ಹತ್ತು ಲ್ಯಾಬುಗಳನ್ನು ಆರಿಸಿಕೊಳ್ಳಿ. ಪ್ರತಿ ಲ್ಯಾಬಿನ ಇತ್ತೀಚಿನ ಒಂದು ಲೇಖನವನ್ನು ಪೂರ್ತಿ ಓದಿ. ಸಾರಾಂಶ ಓದಿ ನಿಲ್ಲಿಸಬೇಡಿ. ಚಿತ್ರಗಳನ್ನೂ ವಿಧಾನದ ಭಾಗವನ್ನೂ ನೋಡಿ. ಒಂದು ಉದಾಹರಣೆ ಕೊಡುತ್ತೇನೆ. ಹಾನಿಗೊಂಡ ಮೈಟೋಕಾಂಡ್ರಿಯಗಳನ್ನು ಜೀವಕೋಶ ಹೇಗೆ ಗುರುತಿಸಿ ವಿಲೇವಾರಿ ಮಾಡುತ್ತದೆ ಎಂಬುದರ ಮೇಲೆ ಒಂದು ಲ್ಯಾಬ್ ಕೆಲಸ ಮಾಡುತ್ತಿದೆ ಎನ್ನಿ. ಪಿಂಕ್1 ಎಂಬ ಪ್ರೋಟೀನ್ ಹಾನಿಗೊಂಡ ಮೈಟೋಕಾಂಡ್ರಿಯದ ಮೇಲೆ ಸಂಗ್ರಹವಾಗಿ ಪಾರ್ಕಿನ್ ಎಂಬ ಇನ್ನೊಂದನ್ನು ಅಲ್ಲಿಗೆ ಕರೆತರುತ್ತದೆ. ಈ ಎರಡರ ಜೀನ್‌ಗಳಲ್ಲಿ ದೋಷವಿದ್ದರೆ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆ ಬರಬಹುದು. ಇಷ್ಟು ಯಾವ ಪಠ್ಯದಲ್ಲಾದರೂ ಸಿಗುತ್ತದೆ. ವಿಧಾನದ ಭಾಗಕ್ಕೆ ಇಳಿದರೆ, ಇಂತಹ ಎಷ್ಟೋ ಪ್ರಯೋಗಗಳು ಲ್ಯಾಬುಗಳಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಜೀವಕೋಶಗಳಲ್ಲಿ ನಡೆದಿರುವುದು ಕಾಣುತ್ತದೆ. ಹೀಲಾದಲ್ಲಿ ಸ್ವಂತದ ಪಾರ್ಕಿನ್ ಬಹುತೇಕ ಇಲ್ಲ, ಅದನ್ನು ಹೊರಗಿನಿಂದ ಸೇರಿಸಿ ಹೆಚ್ಚಿನ ಪ್ರಮಾಣದಲ್ಲಿ ತಯಾರಾಗುವಂತೆ ಮಾಡಿರುತ್ತಾರೆ. ಅಲ್ಲಿ ನಿಮಗೊಂದು ಪ್ರಶ್ನೆ ಹುಟ್ಟಬೇಕು. ಆಗ ಪತ್ರದ ಎರಡನೇ ಪರಿಚ್ಛೇದ ಹೀಗಾಗುತ್ತದೆ:

'ತಮ್ಮ ಲೇಖನದ ಮೂರನೇ ಚಿತ್ರದಲ್ಲಿ ಹೀಲಾ ಕೋಶಗಳಿಗೆ ಹೊರಗಿನಿಂದ ಪಾರ್ಕಿನ್ ಸೇರಿಸಿದ ನಂತರ ಮೈಟೋಕಾಂಡ್ರಿಯಗಳ ವಿಲೇವಾರಿ ಬೇಗ ನಡೆದಿರುವುದನ್ನು ನೋಡಿದೆ. ಪಾರ್ಕಿನ್ ತನ್ನ ಸಹಜ ಪ್ರಮಾಣದಲ್ಲಿಯೇ ಇರುವ ನರಕೋಶಗಳಲ್ಲಿ ಇದು ಇಷ್ಟೇ ವೇಗವಾಗಿ ನಡೆಯುತ್ತದೆಯೇ? ಇದನ್ನು ತಮ್ಮ ಗುಂಪಿನಲ್ಲಿ ಯಾರಾದರೂ ನೋಡುತ್ತಿದ್ದರೆ, ಸೂಕ್ಷ್ಮದರ್ಶಕದ ಚಿತ್ರಗಳನ್ನು ಎಣಿಸಿ ವಿಶ್ಲೇಷಿಸುವ ಕೆಲಸದಲ್ಲಿ ನಾನು ನೆರವಾಗಬಲ್ಲೆ. ಫಿಜಿ ತಂತ್ರಾಂಶದಲ್ಲಿ ಮಾಡಿದ ಒಂದು ಅಭ್ಯಾಸವನ್ನು ಲಗತ್ತಿಸಿದ್ದೇನೆ.'

ಇದರಲ್ಲಿ ಹೊಗಳಿಕೆ ಇಲ್ಲ. ಅಂಕಪಟ್ಟಿಯ ಪ್ರಸ್ತಾಪವೂ ಇಲ್ಲ, ಅದು ಲಗತ್ತಿನಲ್ಲಿದ್ದರೆ ಸಾಕು. ಪ್ರಶ್ನೆ ತಪ್ಪಾಗಿದ್ದರೂ ಚಿಂತೆಯಿಲ್ಲ. ಅದಕ್ಕೆ ಉತ್ತರ ಹಿಂದೆಯೇ ಸಿಕ್ಕಿರಲೂಬಹುದು. ಓದಿದ್ದೀರಿ, ಓದಿ ಯೋಚಿಸಿದ್ದೀರಿ ಎಂಬುದು ಕಾಣಿಸಿದರೆ ಸಾಕು. ಉಳಿದಂತೆ ಪತ್ರದಲ್ಲಿ ಇರಬೇಕಾದದ್ದು ಸ್ವಲ್ಪವೇ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ, ಖರ್ಚಿಗೆ ವಿದ್ಯಾರ್ಥಿವೇತನ ಇದೆಯೇ ಇಲ್ಲವೇ, ನಿಮ್ಮ ಬಗ್ಗೆ ಹೇಳಬಲ್ಲ ಇಬ್ಬರು ಅಧ್ಯಾಪಕರು ಯಾರು. ಹಣದ ಮಾತನ್ನು ಮುಚ್ಚಿಡಬೇಡಿ. ಅದನ್ನು ಮೂರನೇ ಇಮೇಲ್‌ನಲ್ಲಿ ಹೊರತೆಗೆದರೆ ಅಲ್ಲಿಯವರೆಗಿನ ಮಾತುಕತೆಯೆಲ್ಲ ನೀರಿನಲ್ಲಿ ಹೋಮ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಮತ್ತೆ ಬೇಡ.

ಇಲ್ಲಿ ಇನ್ನೊಂದು ಉಪಾಯ. ಲೇಖನದ ಮೊದಲ ಲೇಖಕರು ಯಾರೆಂದು ನೋಡಿ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದು. ಮೊದಲ ಲೇಖಕರು ಈಗಲೂ ಅದೇ ಲ್ಯಾಬಿನಲ್ಲಿದ್ದರೆ ಮುಖ್ಯಸ್ಥರಿಗೆ ಬರೆಯುವ ಪತ್ರದಲ್ಲಿ ಅವರ ಕೆಲಸವನ್ನು ಹೆಸರಿಸಿ ಉಲ್ಲೇಖಿಸಿ. ನಿಮಗೆ ಕಲಿಸಬೇಕಾದವರು ಅವರೇ. ತನಗೆ ಒಬ್ಬ ಸಹಾಯಕ ಬೇಕೆಂದು ಮುಖ್ಯಸ್ಥರ ಮುಂದೆ ಅವರು ಒಂದು ಮಾತು ಹೇಳಿದರೆ ನಿಮ್ಮ ಅರ್ಜಿಯ ಅರ್ಧ ಕೆಲಸ ಆದಂತೆ. ವಿಡಿಯೊ ಸಂದರ್ಶನಕ್ಕೆ ಕರೆದಾಗ ನೀವೂ ಕೇಳಿ: ದಿನನಿತ್ಯ ನನ್ನ ಮಾರ್ಗದರ್ಶಕರು ಯಾರು, ನಾನು ಇರುವ ವಾರಗಳಲ್ಲಿ ಅವರು ರಜೆಯಲ್ಲಿ ಇರುತ್ತಾರೆಯೇ, ಲ್ಯಾಬಿನ ವಾರದ ಸಭೆಯಲ್ಲಿ ನಾನು ಕೂರಬಹುದೇ? ಯುರೋಪಿನಲ್ಲಿ ಆಗಸ್ಟ್ ತಿಂಗಳಿನಲ್ಲಿ ಅರ್ಧ ಲ್ಯಾಬ್ ಖಾಲಿ ಇರುವುದು ಮಾಮೂಲು. ಖಾಲಿ ಲ್ಯಾಬಿನಲ್ಲಿ ಒಬ್ಬರೇ ಕುಳಿತು ಟ್ಯೂಬುಗಳಿಗೆ ಚೀಟಿ ಅಂಟಿಸಲು ಸಮುದ್ರ ದಾಟಬೇಕಾಗಿಲ್ಲ.

ಅನುಭವ ಇಲ್ಲ ಎಂದಿದ್ದೀರಿ. ಅದಕ್ಕೆ ನಾನು ಅಷ್ಟು ಹೆದರುವುದಿಲ್ಲ. ಲ್ಯಾಬಿನ ಕೈಕೆಲಸವನ್ನು ಅಲ್ಲಿಯೇ ಕಲಿಸುತ್ತಾರೆ, ಮತ್ತು ಪ್ರತಿ ಲ್ಯಾಬಿಗೂ ತನ್ನದೇ ಪದ್ಧತಿ ಇರುವುದರಿಂದ ಹಳೆಯ ಅಭ್ಯಾಸಗಳನ್ನು ಬಿಡಿಸಬೇಕಾದ ಪಾಡು ತಪ್ಪಿತು ಎಂದು ಕೆಲವರು ಖುಷಿಪಡುವುದೂ ಉಂಟು. ಮನೆಯಲ್ಲೇ ಕುಳಿತು ಕಲಿಯಬಹುದಾದದ್ದನ್ನು ಕಲಿಯದೆ ಹೋದರೆ ಮಾತ್ರ ಸಮರ್ಥನೆ ಇಲ್ಲ. ಅಮೆರಿಕದ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಾಹಿತಿ ಕೇಂದ್ರದ ಜಿಇಒ ಸಂಗ್ರಹದಲ್ಲಿ ಪ್ರಕಟಿತ ಸಂಶೋಧನೆಗಳ ಜೀನ್ ಅಭಿವ್ಯಕ್ತಿಯ ದತ್ತಾಂಶ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಒಂದು ಸಣ್ಣ ದತ್ತಾಂಶವನ್ನು ಇಳಿಸಿಕೊಂಡು, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಿಶ್ಲೇಷಿಸಿ, ಲೇಖನದಲ್ಲಿರುವ ಒಂದು ಚಿತ್ರವನ್ನು ನೀವೇ ಮತ್ತೆ ಬರೆದು ನೋಡಿ. ಹೊಂದದಿದ್ದರೆ ಏಕೆ ಹೊಂದಲಿಲ್ಲ ಎಂದು ಒಂದು ಪುಟ ಬರೆಯಿರಿ. ಸಾಧಾರಣ ಅಂಕಪಟ್ಟಿಯ ಪಕ್ಕದಲ್ಲಿ ಆ ಒಂದು ಪುಟ ನಿಂತರೆ ಲೆಕ್ಕಾಚಾರವೇ ಬದಲಾಗುತ್ತದೆ. ಎನ್‌ಐಎಚ್‌ನಲ್ಲಿ ಹುಟ್ಟಿದ ಚಿತ್ರ ವಿಶ್ಲೇಷಣೆಯ ತಂತ್ರಾಂಶ ಇಮೇಜ್‌ಜೆ, ಅದರ ವಿಸ್ತೃತ ರೂಪವಾದ ಫಿಜಿ, ಇವೂ ಉಚಿತ. ಇಂದು ಜೀವವೈದ್ಯಕೀಯ ಲ್ಯಾಬುಗಳಲ್ಲಿ ಪ್ರಯೋಗ ಮಾಡುವ ಕೈಗಳಿಗಿಂತ ಗುಡ್ಡೆಬಿದ್ದ ದತ್ತಾಂಶ ನೋಡುವ ಕಣ್ಣುಗಳಿಗೇ ಹೆಚ್ಚು ಅಭಾವ.

ಅಲ್ಲಿ ಹೋದ ಮೇಲೆ ಏನಾಗುತ್ತದೆ ಎಂಬುದರ ಅಂದಾಜೂ ಇರಲಿ. ಮೊದಲ ವಾರ ಗುರುತಿನ ಚೀಟಿ, ಸುರಕ್ಷತಾ ತರಬೇತಿ, ರಾಸಾಯನಿಕ ತ್ಯಾಜ್ಯವನ್ನು ಎಲ್ಲಿ ಹಾಕಬೇಕೆಂಬ ಪಾಠಗಳಲ್ಲಿ ಕಳೆಯುತ್ತದೆ. ಮಾನವ ರಕ್ತ ಅಥವಾ ಅಂಗಾಂಶ ಮುಟ್ಟುವ ಲ್ಯಾಬಾದರೆ ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಕೇಳುವುದು ಸಾಮಾನ್ಯ. ಅದರ ಮಾಮೂಲಿ ಮೂರು ಡೋಸುಗಳಿಗೆ ಆರು ತಿಂಗಳು ಬೇಕು, ಹಾಗಾಗಿ ಈಗಲೇ ವಿಚಾರಿಸಿ. ಇಲಿಗಳ ಮೇಲೆ ಪ್ರಯೋಗ ಮಾಡುತ್ತೇನೆ ಎಂಬ ಕನಸಿದ್ದರೆ ಅದನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಯುರೋಪಿಯನ್ ಒಕ್ಕೂಟದ 2010ರ ನಿರ್ದೇಶನ ಪ್ರಾಣಿಗಳ ಮೇಲೆ ಕೈ ಇಡುವವರಿಗೆ ತರಬೇತಿಯನ್ನು ಕಡ್ಡಾಯ ಮಾಡಿದೆ. ಬ್ರಿಟನ್ನಿನಲ್ಲಿ 1986ರ ಕಾಯ್ದೆಯ ಪ್ರಕಾರ ಅಂತಹವರು ವೈಯಕ್ತಿಕ ಪರವಾನಗಿಯನ್ನೇ ಪಡೆಯಬೇಕು. ಎಂಟು ವಾರಕ್ಕೆ ಬಂದವರಿಗೆ ಯಾರೂ ಆ ತೊಂದರೆ ತೆಗೆದುಕೊಳ್ಳುವುದಿಲ್ಲ. ರೋಗಿಗಳ ದಾಖಲೆಗಳಿಗೂ ಇಂಥದ್ದೇ ಬೇಲಿ, ನೈತಿಕ ಸಮಿತಿಯ ಒಪ್ಪಿಗೆಯಲ್ಲಿ ನಿಮ್ಮ ಹೆಸರು ಸೇರದೆ ಅವನ್ನು ತೆರೆಯುವಂತಿಲ್ಲ. ಜೀವಕೋಶಗಳ ಕೃಷಿ, ಪ್ರೋಟೀನ್ ಪರೀಕ್ಷೆ, ಡಿಎನ್‌ಎ ತುಣುಕುಗಳನ್ನು ನಕಲು ಮಾಡುವ ಪಿಸಿಆರ್, ಚಿತ್ರ ವಿಶ್ಲೇಷಣೆ, ದತ್ತಾಂಶ: ನಿಮ್ಮ ಪಾಲಿಗೆ ಬರುವುದು ಇವು.

ಇವುಗಳಲ್ಲಿ ಕಲಿಯಲು ಕಡಿಮೆ ಇದೆ ಎಂದುಕೊಳ್ಳಬೇಡಿ. ಒಂದು ನಿರ್ದಿಷ್ಟ ಪ್ರೋಟೀನನ್ನು ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟ್ ಎಂಬ ಹಳೆಯ ಪರೀಕ್ಷೆಯನ್ನೇ ನೋಡಿ. ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳು ಪೊರೆಯ ಮೇಲೆ ವರ್ಗಾಯಿಸಿ, ಪೊರೆಯ ಖಾಲಿ ಜಾಗಗಳನ್ನು ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಿಂದ ಮುಚ್ಚಿ, ಹುಡುಕುವ ಪ್ರೋಟೀನಿಗೆ ಅಂಟುವ ಪ್ರತಿಕಾಯದಲ್ಲಿ ರಾತ್ರಿಯಿಡೀ ನಾಲ್ಕು ಡಿಗ್ರಿಯಲ್ಲಿ ನೆನೆಸಿ, ಮರುದಿನ ಚಿತ್ರ ತೆಗೆಯುವುದು. ಎರಡು ದಿನದ ಕೊನೆಗೆ ಪರದೆಯ ಮೇಲೆ ಏನೂ ಕಾಣಿಸಲಿಲ್ಲ ಎನ್ನಿ. ಅಸಡ್ಡೆಯ ಮಾರ್ಗದರ್ಶಕ 'ಮತ್ತೊಮ್ಮೆ ಮಾಡು' ಎಂದು ಹೊರಟುಹೋಗುತ್ತಾನೆ. ಒಳ್ಳೆಯವನು ಅಥವಾ ಒಳ್ಳೆಯವಳು ಕೇಳುವುದು ಬೇರೆ: ವರ್ಗಾವಣೆಯ ನಂತರ ಪೊರೆಗೆ ಪಾನ್ಸೋ ಬಣ್ಣ ಹಾಕಿ ನೋಡಿದೆಯಾ? ಆ ಕೆಂಪು ಬಣ್ಣ ಪೊರೆಯ ಮೇಲೆ ಪ್ರೋಟೀನುಗಳನ್ನು ಗೆರೆಗೆರೆಯಾಗಿ ತೋರಿಸುತ್ತದೆ, ತೊಳೆದರೆ ಹೋಗುತ್ತದೆ. ಗೆರೆಗಳು ಕಂಡಿದ್ದರೆ ಜೆಲ್ಲೂ ವರ್ಗಾವಣೆಯೂ ಸರಿ, ತಪ್ಪು ಅಲ್ಲಿಂದ ಮುಂದೆ. ಕಾಣದಿದ್ದರೆ ಪ್ರತಿಕಾಯವನ್ನು ದೂರಿ ಫಲವಿಲ್ಲ. ಮುಂದಿನ ಸಲ ಹುಡುಕುತ್ತಿರುವುದು ಫಾಸ್ಫೇಟ್ ಅಂಟಿದ ಪ್ರೋಟೀನ್ ಎನ್ನಿ. ಆಗ ಹಾಲಿನ ಪುಡಿ ಏಕೆ ತೊಂದರೆ ಕೊಡಬಹುದು ಎಂದು ಅವರೇ ನಿಮ್ಮನ್ನು ಕೇಳುತ್ತಾರೆ: ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನ್, ಅದಕ್ಕೇ ಪ್ರತಿಕಾಯ ಅಂಟಿ ಪೊರೆಯೆಲ್ಲ ಮಬ್ಬಾಗಬಹುದು. ಸೋತ ಪ್ರಯೋಗವನ್ನು ಎಲ್ಲಿಂದ ಬಿಚ್ಚಬೇಕು ಎಂಬ ಈ ಕ್ರಮವನ್ನು ಪುಸ್ತಕ ಓದಿ ಕಲಿತವರನ್ನು ನಾನು ಕಂಡಿಲ್ಲ. ಕಲಿಸುವವರು ಯಾರೆಂದು ಕೇಳಿ ಎಂದು ಪಟ್ಟುಹಿಡಿದು ಹೇಳುತ್ತಿರುವುದು ಇದಕ್ಕಾಗಿ.

ವೀಸಾ ಬಗ್ಗೆ ಎರಡು ಮಾತು. ಅಮೆರಿಕದ ಜೆ-1 ವೀಸಾಕ್ಕೆ ಪ್ರಾಯೋಜಕ ಸಂಸ್ಥೆ, ಹೆಚ್ಚಾಗಿ ಆತಿಥೇಯ ವಿಶ್ವವಿದ್ಯಾಲಯವೇ, ಡಿಎಸ್-2019 ಎಂಬ ದಾಖಲೆ ಕೊಡಬೇಕು. ವಿದ್ಯಾರ್ಥಿ ಇಂಟರ್ನ್ ವರ್ಗವಾದರೆ ಹಂತಹಂತವಾಗಿ ಏನು ಕಲಿಸುತ್ತಾರೆ ಎಂದು ತಿಳಿಸುವ ತರಬೇತಿ ಯೋಜನೆಯ ನಮೂನೆಯೂ ಬೇಕು. ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್ ಭರಿಸುವ ಆರೋಗ್ಯ ವಿಮೆ ಕಡ್ಡಾಯ. ಷೆಂಗೆನ್ ದೇಶಗಳಲ್ಲಿ ಅಲ್ಪಾವಧಿ ವೀಸಾ ಎಂದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಮತ್ತು ಪ್ರವಾಸಿ ವೀಸಾ ಇದೆಯೆಂದು ಲ್ಯಾಬಿನಲ್ಲಿ ಕೆಲಸಕ್ಕೆ ಕೂರುವಂತಿಲ್ಲ. 'ಪ್ರವಾಸಿಯಾಗಿ ಬಾ, ಆಮೇಲೆ ನೋಡೋಣ' ಎನ್ನುವ ಪ್ರಾಧ್ಯಾಪಕರು ಸಿಕ್ಕರೆ ಕೃತಜ್ಞತೆ ಹೇಳಿ ದೂರವಿರಿ. ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾದವರು ನೀವು. ಒಪ್ಪಿಗೆ ಪತ್ರ ಬಂದ ದಿನದಿಂದ ವೀಸಾ ಕೈಗೆ ಬರುವವರೆಗೆ ಮೂರು ತಿಂಗಳಾದರೂ ಇಟ್ಟುಕೊಳ್ಳಿ.

ಲೇಖನದಲ್ಲಿ ಹೆಸರು ಬರುತ್ತದೆಯೇ? ಎಂಟು ವಾರದಲ್ಲಿ ಬಹುಮಟ್ಟಿಗೆ ಇಲ್ಲ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತುಗಳನ್ನು ಇಟ್ಟಿದೆ: ಕೆಲಸಕ್ಕೆ ಗಣನೀಯ ಕೊಡುಗೆ, ಬರೆಯುವುದರಲ್ಲಿ ಅಥವಾ ವಿಮರ್ಶಿಸಿ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಕೂಡಬೇಕು. ಕೆಲವು ಪರೀಕ್ಷೆಗಳನ್ನು ಮಾಡಿಕೊಟ್ಟವರ ಹೆಸರು ಕೃತಜ್ಞತೆಯ ಭಾಗದಲ್ಲಿ ಬರುತ್ತದೆ, ಅದರಲ್ಲಿ ಅವಮಾನವೇನಿಲ್ಲ. ನಿಮ್ಮ ಲ್ಯಾಬ್ ಪುಸ್ತಕವೂ ದತ್ತಾಂಶವೂ ಆ ಲ್ಯಾಬಿನ ಸೊತ್ತು. ಹೊರಡುವಾಗ ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಬರಬೇಡಿ, ಒಂದು ಚಿತ್ರವನ್ನು ನಿಮ್ಮ ಕಾಲೇಜಿನಲ್ಲಿ ತೋರಿಸಬೇಕೆಂದಿದ್ದರೂ ಕೇಳಿಯೇ ತೋರಿಸಿ.

ನಿಜವಾಗಿ ಬೆಲೆಬಾಳುವುದು ಶಿಫಾರಸು ಪತ್ರ. ಅದನ್ನು ಮುಖ್ಯಸ್ಥರೊಬ್ಬರೇ ಬರೆದರೆ 'ಸಮಯಪಾಲನೆ ಚೆನ್ನಾಗಿದೆ' ಎಂಬಂತಹ ಎರಡು ಸಾಲು ಬರುತ್ತದೆ, ಏಕೆಂದರೆ ಅವರು ನಿಮ್ಮನ್ನು ನೋಡಿದ್ದೇ ಅಷ್ಟು. ಪೋಸ್ಟ್‌ಡಾಕ್ ಕರಡು ಬರೆದು ಇಬ್ಬರೂ ಸಹಿ ಮಾಡುವ ಪದ್ಧತಿ ಅನೇಕ ಲ್ಯಾಬುಗಳಲ್ಲಿದೆ. ಕೊನೆಯ ವಾರದಲ್ಲಿ ಅದನ್ನು ಸಂಕೋಚವಿಲ್ಲದೆ ಕೇಳಿ. ಪಾನ್ಸೋ ಬಣ್ಣ ಹಾಕಿ ತಪ್ಪು ಹುಡುಕಿದ ದಿನದ ಬಗ್ಗೆ ಒಂದು ಸಾಲು ಆ ಪತ್ರದಲ್ಲಿ ಬಂದರೆ, ಮುಂದೆ ಪಿಎಚ್.ಡಿ. ಆಯ್ಕೆ ಸಮಿತಿಯವರು ಅಲ್ಲಿ ಓದು ನಿಲ್ಲಿಸಿ ನಿಮ್ಮ ಹೆಸರನ್ನು ಮತ್ತೊಮ್ಮೆ ನೋಡುತ್ತಾರೆ.

ಇನ್ನು ಆ ಏಜೆನ್ಸಿ. ಹಣ ಕೇಳಿದ ಮಾತ್ರಕ್ಕೆ ಎಲ್ಲವೂ ಮೋಸವಲ್ಲ; ಕೆಲವು ವಿಶ್ವವಿದ್ಯಾಲಯಗಳು ಅತಿಥಿ ವಿದ್ಯಾರ್ಥಿಗಳಿಂದ ರಾಸಾಯನಿಕಗಳ ಖರ್ಚಿಗೆಂದು ಬೆಂಚ್ ಶುಲ್ಕ ಪಡೆಯುವುದುಂಟು. ಆದರೆ ಅದು ವಿಶ್ವವಿದ್ಯಾಲಯದ ಖಾತೆಗೆ ಹೋಗುತ್ತದೆ, ರಸೀದಿ ಅಲ್ಲಿಂದಲೇ ಬರುತ್ತದೆ, ಒಪ್ಪಿಗೆ ಪತ್ರ ಸಂಸ್ಥೆಯ ಅಧಿಕೃತ ಇಮೇಲ್‌ನಿಂದ ಬರುತ್ತದೆ. ಲೇಖನದಲ್ಲಿ ಹೆಸರು ಖಚಿತ ಎಂದು ಮುಂಗಡವಾಗಿ ಹೇಳುವವರು ಮಾರುತ್ತಿರುವುದು ಸುಳ್ಳು ಲೇಖಕತ್ವವನ್ನು. ಬಯಲಾದರೆ ಲೇಖನ ಹಿಂತೆಗೆದುಕೊಳ್ಳುವ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿಯುತ್ತದೆ. ಏಜೆನ್ಸಿಯವರಿಗೆ ಇಷ್ಟನ್ನೇ ಕೇಳಿ ಬರೆಯಿರಿ: ಯಾವ ಲ್ಯಾಬ್, ದಿನನಿತ್ಯ ಕಲಿಸುವವರ ಹೆಸರೇನು, ಹಣ ಕಟ್ಟುವ ಮೊದಲು ಅವರೊಂದಿಗೆ ಹದಿನೈದು ನಿಮಿಷ ಮಾತನಾಡಬಹುದೇ? ಉತ್ತರದಲ್ಲಿ ಹೆಸರಿಲ್ಲದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು, ಹತ್ತು ಲ್ಯಾಬುಗಳ ಪಟ್ಟಿ ಮಾಡಲು ಈ ವಾರವೇ ಕುಳಿತುಕೊಳ್ಳಿ.